ಬಾಡಿಗೆ ಮನೆಯ ಫೋಟೋ

ಗುಡಿಸಲು ಕೆಡವಿದ ಜಾಗದಲ್ಲಿ ಫ್ಲ್ಯಾಟ್ ಎದ್ದು ನಿಲ್ಲುವವರೆಗೆ ಅಲ್ಲಿದ್ದ ಕುಟುಂಬಗಳ ಬಾಡಿಗೆಗೆ ಸರ್ಕಾರ ಒಂದಿಷ್ಟು ಹಣ ಕೊಡುತ್ತಿತ್ತು. ವರ್ಷಕ್ಕೊಮ್ಮೆ ಹೋಗಿ, ಅವರು ಎಂಥ ಮನೆಯಲ್ಲಿದ್ದಾರೆ ಅಂತ ನೋಡಿ, ಅದರ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆಯುವುದು ನನ್ನ ಕೆಲಸ.

ಅವರಲ್ಲೊಬ್ಬಳಾದ ಮಂಜುಳಾ ಕೊಡಿಗೇಹಳ್ಳಿಯಲ್ಲಿ ಇದ್ದದ್ದು ಓನರ್ ಪಾಪಮ್ಮನವರ ಎರಡಂತಸ್ತಿನ ಮನೆಯ ಹಿತ್ತಲಲ್ಲಿ, ಮೊದಲು ಹಸು ಕಟ್ಟುತ್ತಿದ್ದ ಶೀಟಿನ ಕೋಣೆಯಲ್ಲಿ. ನಾನು ಅತ್ತ ಹೊರಟರೆ ಪಾಪಮ್ಮ ಅಡ್ಡ ನಿಂತರು.

"ಅದನ್ಯಾಕ್ ತೆಗೀತೀರಿ? ಸರ್ಕಾರದೋರು ನಮ್ಮನೆ ಇಂಗೈತೆ ಅನ್ಕೊಳಲ್ವಾ? ಇಲ್ಲಿ ಮುಂದ್ಗಡೆ ತೆಗೀರಿ, ಗ್ರಾನೈಟ್ ಕಾಣ್ಲಿ."

ಮಂಜುಳಾ ಹೋಗಿ ಗ್ರಾನೈಟ್ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಓನರ್ ಮಾತು ಮೀರಿದರೆ ಆ ಕೋಣೆಯೂ ಹೋದೀತಲ್ಲ!

"ಅಮ್ಮಾ, ಈ ಫೋಟೋ ನೋಡಿದ್ರೆ ಆಫೀಸಲ್ಲಿ ಇವ್ಳಿಗೆ ಒಂದ್ ಪೈಸೆನೂ ಕೊಡಲ್ಲ. ಆಮೇಲೆ ನಿಮ್ಗೆ ಬಾಡಿಗೆ ಯಾರು ಕೊಡ್ತಾರೆ?" ಅಂದೆ.

ಪಾಪಮ್ಮ ನನ್ನ ಕೈ ಹಿಡಿದು ತಾವೇ ಹಿತ್ತಲಿಗೆ ಎಳೆದುಕೊಂಡು ಹೋದರು.

"ಆ ಶೀಟ್ನಲ್ಲಿರೋ ತೂತು ಬರ್ಬೇಕು ಮೇಡಂ, ಒಸಿ ಈ ಕಡೆಯಿಂದ ತೆಗೀರಿ. ಲೇ ಮಂಜಿ, ಯಾಕೆ ಹಲ್ಲು ಕಿರೀತೀಯೆ? ಮದ್ವೆ ಫೋಟೋನಾ ಇದು? ಮೊಖ ಸಣ್ಣ ಮಾಡ್ಕೋ!"

"ನಿಮ್ಮನ್ನ ನೋಡಿದ್ರೆ ನಗು ಬರ್ತೈತೆ ಕಣಕ್ಕಾ," ಅಂತ ಮಂಜುಳಾ ಇನ್ನಷ್ಟು ನಕ್ಕಳು.

ಆ ನಗುಮುಖದ ಫೋಟೋಗೇ ಹಣ ಮಂಜೂರಾಯಿತು. ಮಳೆ ಶುರುವಾಗುವ ಮೊದಲು ಶೀಟಿನ ತೂತು ಮುಚ್ಚಿಸಿ ಅಂತ ಹೇಳಿದ್ದಕ್ಕೆ ಪಾಪಮ್ಮ ನನಗೇ ಬುದ್ಧಿ ಹೇಳಿದರು:

"ಮುಚ್ಚಿಸ್ಬಿಟ್ರೆ ಮುಂದಿನ್ ವರ್ಸ ಫೋಟೋಗೆ ಏನ್ ಮಾಡ್ತೀರಿ ಮೇಡಂ?"