ಊಟದ ಮೇಲೆ ಒಂದು

ನನ್ನ ನಾದಿನಿಯನ್ನು ಲಾಂಡ್ರಿಯಲ್ಲಿ ಎಲ್ಲರೂ ಗೆರೆಯಕ್ಕ ಅನ್ನುತ್ತಿದ್ದರು. ಅವಳು ಇಸ್ತ್ರಿ ಹಾಕಿದ ಪ್ಯಾಂಟಿನ ಗೆರೆ ಸೊಂಟದಿಂದ ಪಾದದವರೆಗೆ ಒಂದು ನೂಲೂ ಅತ್ತಿತ್ತ ಆಗುತ್ತಿರಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನನ್ನನ್ನು ಅಲ್ಲಿಗೆ ಕೆಲಸಕ್ಕೆ ಕರೆದುಕೊಂಡು ಹೋದವಳೂ ಅವಳೇ. ದೊಡ್ಡ ಚಾದರ ಮಡಚುವಾಗ ಆ ತುದಿ ಅವಳು, ಈ ತುದಿ ನಾನು.

ಐವತ್ತು ದಾಟಿದ ಮೇಲೆ ಅವಳ ಎರಡೂ ಮಣಿಕಟ್ಟು ಊದತೊಡಗಿದವು. ಬೆಳಿಗ್ಗೆ ಎದ್ದಾಗಲೇ ಜಾಸ್ತಿ. ಬೆರಳು ಮಡಚಲು ಬಾರದು. ಡಾಕ್ಟರು ಹತ್ತು ದಿನದ ಮಾತ್ರೆ ಕೊಟ್ಟರು. ಪೊಟ್ಟಣದ ಮೇಲೆ ಕಂಪೌಂಡರ್ ಒಂದು ಸಾಲು ಗೀಚಿದ್ದ. ಅವಳು ಅದನ್ನು ನನ್ನ ಮುಂದೆ ಹಿಡಿದಳು. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: "ಊತದ ಮೇಲೆ ಒಂದು."

"ಊತದ ಮೇಲಿಟ್ಟು ಬಟ್ಟೆ ಕಟ್ಟಬೇಕಾ ಅತ್ತಿಗೆ?"

"ಅದೇನು ಗುಂಡಿಯಾ, ಮೇಲಿಟ್ಟು ಹೊಲಿಯೋಕೆ? ಊತ ಬಂದ ಮೇಲೆ ಒಂದು ನುಂಗು ಅಂತ."

ಊತ ಬೆಳಿಗ್ಗೆಯೇ ಬರುತ್ತಿತ್ತಲ್ಲ, ಎದ್ದ ಕೂಡಲೇ ಬರೀ ನೀರಿನಲ್ಲಿ ಒಂದು ನುಂಗುವಳು. ಸ್ವಲ್ಪ ಹೊತ್ತಿಗೆ ಕೈ ಹಗುರ. ಹತ್ತು ದಿನ ಮುಗಿದ ಮೇಲೆ ಅದೇ ಪೊಟ್ಟಣ ತೋರಿಸಿ ಅಂಗಡಿಯಲ್ಲಿ ಮತ್ತೆ ತಂದಳು. ಊತ ಎರಡು ಸಲ ಬಂದ ದಿನ ಎರಡು. ಹೀಗೆ ಏಳು ತಿಂಗಳು. ಹೊಟ್ಟೆ ಉರಿಯುತ್ತದೆ ಅನ್ನುವಳು. ಇಸ್ತ್ರಿಯ ಕಾವು ಅಂದುಕೊಂಡೆವು.

ಒಂದು ಮಧ್ಯಾಹ್ನ ಚಾದರದ ಆ ತುದಿ ಸಡಿಲಾಯಿತು. ನೋಡಿದರೆ ಅವಳು ನೆಲದ ಮೇಲೆ ಕುಸಿದಿದ್ದಳು, ಮುಖ ಚಾದರದಷ್ಟೇ ಬೆಳ್ಳಗೆ. ಎರಡು ದಿನದಿಂದ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದೆ ಅಂತ ಆಗ ಹೇಳಿದಳು.

ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ಉಳಿಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಅಂದರು. ಅವಳು ಕಣ್ಣು ಬಿಟ್ಟು ಮಾತಾಡುವಂತಾದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಕೂತು ಹೇಳಿದರು.

"ಮಾತ್ರೆಗೆ ನಿಮ್ಮ ಮಣಿಕಟ್ಟು ಎಲ್ಲಿದೆ ಅಂತ ಗೊತ್ತಿರಲ್ಲ. ಕರಗಿ ರಕ್ತದಲ್ಲಿ ಮೈಯೆಲ್ಲಾ ಓಡಾಡುತ್ತೆ. ಪೆಟ್ಟಾದ ಕಡೆ ಮೈಯೇ ಒಂದು ರಸ ಮಾಡ್ಕೊಳ್ಳುತ್ತೆ. ಊದೋದು, ಮುಟ್ಟಿದ್ರೆ ನೋಯೋದು ಅದರಿಂದ. ಮಾತ್ರೆ ಆ ರಸ ಆಗದ ಹಾಗೆ ತಡೆಯುತ್ತೆ. ಆದರೆ ಹೊಟ್ಟೆ ಒಳಗಿನ ಲೋಳೆ ಪದರನ ಕಾಪಾಡೋದೂ ಅದೇ ಥರದ ರಸ. ಅಲ್ಲೂ ತಡೆದುಬಿಟ್ರೆ, ಹೊಟ್ಟೆಯ ಹುಳಿ ಹೊಟ್ಟೆಯನ್ನೇ ಸುಡುತ್ತೆ."

ನನಗೆ ಅರ್ಥವಾಯಿತು. ಇಸ್ತ್ರಿ ಮೇಜಿಗೆ ಕಂಬಳಿ ಹಾಸದಿದ್ದರೆ ಹಲಗೆ ಸುಡುತ್ತದೆ.

ನಾನು ಕೊಟ್ಟ ಪೊಟ್ಟಣವನ್ನು ಅವರು ತಿರುಗಿಸಿ ನೋಡಿದರು. "ಊಟದ ಮೇಲೆ ಅಂತ ಬರೆದಿದೆಯಲ್ಲ. ಖಾಲಿ ಹೊಟ್ಟೆಗೆ ತಗೊಳ್ಳಿ ಅಂದವರು ಯಾರು? ಊಟ ಮಾಡಿ ತಗೊಂಡ್ರೂ ಡಾಕ್ಟರನ್ನ ಕೇಳದೆ ಏಳು ತಿಂಗಳು ನುಂಗೋ ಮಾತ್ರೆ ಅಲ್ಲ ಇದು."

ಟ ಇದ್ದದ್ದನ್ನು ತ ಅಂತ ಓದಿದ್ದೆ.

ನಾದಿನಿ ನನ್ನ ಕಡೆ ನೋಡಲಿಲ್ಲ. "ನಾನೇ ತಪ್ಪಾಗಿ ಓದ್ಕೊಂಡೆ, ಡಾಕ್ಟರಮ್ಮ," ಅಂದಳು.

ಆ ಮಾತ್ರೆ ಅವಳಿಗೆ ನಿಂತೇ ಹೋಯಿತು. ಜ್ವರಕ್ಕೆ ಕೊಡುವಂಥ ಮಾತ್ರೆ ಕೊಟ್ಟರು. ಅದು ನೋವು ಒಂದಿಷ್ಟು ತಗ್ಗಿಸುತ್ತಿತ್ತು, ಊತ ಇಳಿಸುತ್ತಿರಲಿಲ್ಲ. ಇಸ್ತ್ರಿ ಹಿಡಿಯುವುದು ಬಿಟ್ಟಳು. ಹನ್ನೊಂದು ವರ್ಷ ಬಟ್ಟೆಯ ಬಣ್ಣ ನೋಡಿ ಬೇರೆ ಮಾಡುವ ಕೆಲಸ ಮಾಡಿದಳು. ನಾನು ಹಾಕಿದ ಸೊಟ್ಟ ಗೆರೆ ನೋಡಿ, "ಅತ್ತಿಗೆ, ಗೆರೆನೂ ಓದೋ ಹಾಗೇ ಹಾಕ್ತೀಯಲ್ಲ," ಅನ್ನುವಳು. ಅಷ್ಟೇ. ಬೇರೆ ಯಾರ ಮುಂದೆಯೂ ಆ ಮಾತು ತೆಗೆಯಲಿಲ್ಲ.

ಹೋದ ತಿಂಗಳು ತೀರಿಕೊಂಡಳು. ಆಸ್ಪತ್ರೆಯ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ರೋಗಿ ತಪ್ಪಾಗಿ ಓದಿಕೊಂಡಿದ್ದಾರೆ ಅಂತ ಅದರಲ್ಲಿ ಬರೆದಿದೆ. ಅದರ ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು. ಹೆಬ್ಬೆಟ್ಟು ಒತ್ತುವವಳು ಓದಿದ್ದು ಹೇಗೆ ಅಂತ ಅವತ್ತು ಯಾರೂ ಕೇಳಲಿಲ್ಲ.

ಓದಿದ್ದು ನಾನು.