ನನ್ನ ಗಂಡನನ್ನು ಅಳಿಸಿದ ಡಾಕ್ಟರ್ ಅಂಕಲ್

ಡಾಕ್ಟರ್ ಅಂಕಲ್ ಕಿವಿಯ ತುಂಬ ಬಿಳಿ ಕೂದಲು, ಹತ್ತಿ ತುರುಕಿದ ಹಾಗೆ. ಅದನ್ನು ದಾಟಿ ಸಂಗೀತ ಹೇಗೆ ಒಳಗೆ ಹೋಗುತ್ತಿತ್ತೋ ಆ ದೇವರೇ ಬಲ್ಲ. ಆದರೆ ಹೋಗುತ್ತಿತ್ತು, ಕಣ್ಣಿನಲ್ಲಿ ಹೊರಗೆ ಬರುತ್ತಿತ್ತು. ಆ ಮನುಷ್ಯನನ್ನು ಕಂಡರೆ ಹತ್ತು ವರ್ಷ ನನಗೆ ಹೊಟ್ಟೆಕಿಚ್ಚು. ಈಗ ಮುಚ್ಚಿಟ್ಟುಕೊಳ್ಳುವುದೇನಿದೆ?

ಎಂಬತ್ತರ ದಶಕದ ಕೊನೆಯಲ್ಲಿ ನಾವು ಸಿಡ್ನಿಗೆ ಬಂದಾಗ ಅವರು ಅಲ್ಲಿ ಹದಿನೈದು ವರ್ಷದ ಹಳಬರು. ಮೈಸೂರಿನವರು, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮೆಲ್ಬರ್ನಿನಲ್ಲಿದ್ದಳು. ಹೊಸದಾಗಿ ಬಂದ ಕನ್ನಡದವರಿಗೆ ರೆಂಟಿಗೆ ಮನೆ ಹುಡುಕುವುದು, ಡ್ರೈವಿಂಗ್ ಕಲಿಸುವುದು ಅವರದೇ ಕೆಲಸ. ನಮಗೂ ಎಲ್ಲ ಮಾಡಿದರು. ಉಪಕಾರ ಮಾಡಿದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಇನ್ನೂ ಕಷ್ಟ ನೋಡಿ.

ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಮೊಸರನ್ನ ಮುಗಿಸಿ ಹತ್ತು ಹನ್ನೆರಡು ಜನ ಕಾರ್ಪೆಟ್ಟಿನ ಮೇಲೆ ಕೂತರೆ ಅಂಕಲ್ ಒಂದು ರೆಕಾರ್ಡ್ ಹಾಕುವರು. ಪ್ರತಿ ತಿಂಗಳೂ ಅದೇ ರೆಕಾರ್ಡು. ಯಾರೋ ಇಂಗ್ಲಿಷಿನವರ ಕೃತಿ. ಹಾಡಿಲ್ಲ, ಮಾತಿಲ್ಲ, ಬರೀ ವಾದ್ಯಗಳು. ಹೆಸರು ಹೇಳುವುದಿಲ್ಲ, ಹೇಳಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮುಗಿದ ಮೇಲೆ ಯಾರೂ ಯಾರನ್ನೂ ಏನೂ ಕೇಳಕೂಡದು ಎಂದು ಅವರ ಕಟ್ಟಪ್ಪಣೆ. "ಹೇಳೋರು ಹೇಳ್ಕೋಬಹುದು, ಕೇಳೋರು ಬಾಯಿ ಮುಚ್ಕೊಂಡಿರಬೇಕು" ಎನ್ನುವರು.

ಬ್ಯಾಂಕಿನಲ್ಲಿದ್ದ ಹುಬ್ಬಳ್ಳಿಯ ಹುಡುಗಿ ಮೂಗೊರೆಸಿಕೊಂಡು, "ನಮ್ಮಜ್ಜಿ ಮಡಿಲಾಗ ಮಲಗಿದಂಗ ಆತ್ರಿ" ಎನ್ನುವಳು. ಪಕ್ಕದ ಮನೆಯ ಆಸ್ಟ್ರೇಲಿಯನ್ ಮುದುಕಿ "ಮೈ ಬ್ರದರ್" ಎಂದಷ್ಟೇ ಹೇಳಿ ನಿಲ್ಲಿಸುವಳು. ಅವಳಣ್ಣ ಯುದ್ಧಕ್ಕೆ ಹೋದವನು ವಾಪಸು ಬಂದಿರಲಿಲ್ಲ. ನಾನೋ, ಮೈಸೂರಿನಲ್ಲಿ ಸಂಗೀತ ವಿದ್ವತ್ ಪಾಸು ಮಾಡಿದವಳು. ನನಗೆ ಏನೂ ಆಗಲಿಲ್ಲ. ಮೊದಲ ದಿನ ತೊಡೆಯ ಮೇಲೆ ತಾಳ ಹಾಕಲು ಹೋದೆ, ತಾಳ ಸಿಗಲಿಲ್ಲ. ಮೋಹನ ರಾಗವಿರಬೇಕು ಎಂದುಕೊಂಡೆ, ಹಿಡಿಯುವಷ್ಟರಲ್ಲಿ ಜಾರಿಕೊಂಡಿತು. ಪಿಟೀಲುಗಳೆಲ್ಲ ಒಟ್ಟಿಗೆ ಮೇಲಕ್ಕೆ ಏರಿದಾಗ, ನಮ್ಮ ಕಚೇರಿಗಳ ಅಭ್ಯಾಸ, "ಭಲೇ!" ಎಂದುಬಿಟ್ಟೆ. ಎಲ್ಲರೂ ಗಕ್ಕನೆ ತಿರುಗಿ ನೋಡಿದರು. ತಿರುಗದೆ ಇದ್ದವರು ಒಬ್ಬರೇ, ಪಕ್ಕದಲ್ಲಿದ್ದ ನಮ್ಮ ಯಜಮಾನರು. ಅವರು ಅಳುತ್ತಿದ್ದರು.

ಇವರು ಸಿವಿಲ್ ಎಂಜಿನಿಯರ್. ತಮ್ಮ ತಂದೆ ಹೋದ ಸುದ್ದಿ ಬಂದಾಗ ಕಣ್ಣೊರೆಸಿಕೊಳ್ಳದೆ ಟಿಕೆಟ್ ಬುಕ್ ಮಾಡಲು ಫೋನ್ ಎತ್ತಿದ ಮನುಷ್ಯ. ಮದುವೆಯಾಗಿ ಎಂಟು ವರ್ಷ, ದಿನಾ ಬೆಳಿಗ್ಗೆ ನಾನು ಹಾಡಿದ್ದನ್ನು ಕೇಳಿ ಒಂದು ಸಲವಾದರೂ ಕಣ್ಣು ಒದ್ದೆಯಾಗಿದ್ದು ನಾನು ಕಂಡಿಲ್ಲ. ಕಾರಿನಲ್ಲಿ ಕೇಳಿಯೇಬಿಟ್ಟೆ.

"ಯಾಕತ್ರಿ?"

"ಗೊತ್ತಿಲ್ಲ ಕಣೇ."

"ನಾನು ಹಾಡಿದಾಗ ಒಂದಿನಾನೂ ಅತ್ತಿಲ್ಲವಲ್ಲ?"

"ನೀನು ಚೆನ್ನಾಗಿ ಹಾಡ್ತೀಯಲ್ಲ" ಎಂದರು, ಸಾರು ಚೆನ್ನಾಗಿದೆ ಎನ್ನುವ ದನಿಯಲ್ಲಿ.

ತಿಂಗಳು ತಿಂಗಳು ಇದೇ ಕಥೆ. ಊಟ ಮುಗಿಯುವುದನ್ನೇ ಕಾಯುವ ಗಂಡ, ಅವರ ಕಣ್ಣನ್ನೇ ಕಾಯುವ ನಾನು. ಇನ್ನೊಬ್ಬ ಹೆಂಗಸಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಪಿಟೀಲುಗಳ ಜೊತೆ ಏನಂತ ಆಡಲಿ?

ನಾಲ್ಕನೆಯ ವರ್ಷ ಒಂದು ಕಿತಾಪತಿ ಮಾಡಿದೆ. ಶನಿವಾರ ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ ಮಕ್ಕಳ ಕಾರ್ಯಕ್ರಮ, ಕೊನೆಯಲ್ಲಿ ನನ್ನ ಕಚೇರಿ ಎಂದು ಹೇಳಿ ಬೇಕೆಂದೇ ಮೊದಲ ಭಾನುವಾರಕ್ಕೆ ನಮ್ಮ ಸಬರ್ಬಿನ ಹಾಲ್ ಬುಕ್ ಮಾಡಿದೆ. ಜನ ಯಾವ ಕಡೆ ಹೋಗುತ್ತಾರೋ ನೋಡೇಬಿಡೋಣ ಎಂದು. ಅಂಕಲ್ ಮಾರನೇ ದಿನವೇ ಫೋನ್ ಮಾಡಿದರು. "ನಮ್ಮನೇದು ಕ್ಯಾನ್ಸಲ್ ಮಾಡ್ದೆ ಕಣಮ್ಮ. ಎಲ್ಲರನ್ನೂ ನಾನೇ ಕರ್ಕೊಂಡ್ ಬರ್ತೀನಿ. ಪುಳಿಯೋಗರೆ ನಂದು." ಗೆದ್ದ ಖುಷಿಯನ್ನೂ ಕಿತ್ತುಕೊಂಡರಲ್ಲ ಎಂದು ಫೋನ್ ಕುಕ್ಕಿದೆ.

ಆವತ್ತು ಮಕ್ಕಳು "ಆಂಟಿ, ಕ್ಯಾನ್ ವಿ ಗೋ ನೌ?" ಎಂದು ಓಡಿದ ಮೇಲೆ ಒಂದು ಗಂಟೆ ಹಾಡಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಹಾಡಿಲ್ಲ. ಮುಂದಿನ ಸಾಲಿನಲ್ಲಿ ಅಂಕಲ್ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರ ಪಕ್ಕದಲ್ಲಿ ನನ್ನ ಗಂಡ ಕಂಬದ ಹಾಗೆ ಕೂತಿದ್ದರು. ಅಳಬೇಕಾದವರು ಅಳಲಿಲ್ಲ, ಅಳಬೇಕಿಲ್ಲದವರು ಅತ್ತರು. ಮೈಯೆಲ್ಲ ಉರಿದುಹೋಯಿತು.

ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಅಂಕಲ್ ಹತ್ತಿರ ಬಂದರು. "ಯಾಕಮ್ಮ ಮುಖ ಸಣ್ಣದು ಮಾಡ್ಕೊಂಡಿದೀಯ?"

"ನನ್ನ ಹಾಡಿಗೆ ಇವರು ಅಳಲ್ಲ ಅಂಕಲ್. ನಿಮ್ಮ ರೆಕಾರ್ಡಿಗೆ ಅಳ್ತಾರೆ."

ಅವರು ನಗಲಿಲ್ಲ. "ಮಗು ಒಳಗೆ ಪರೀಕ್ಷೆ ಬರೀತಿದ್ರೆ ಹೊರಗೆ ನಿಂತ ತಾಯಿ ಕಥೆಪುಸ್ತಕ ಓದ್ತಾಳಾ? ನೀನು ಹಾಡೋವಾಗ ಅವನು ಸಂಗೀತ ಕೇಳಲ್ಲಮ್ಮ, ನಿನ್ನನ್ನ ಕಾಯ್ತಿರ್ತಾನೆ. ನನ್ನ ರೆಕಾರ್ಡಲ್ಲಿ ಅವನಿಗೆ ಸಂಬಂಧಪಟ್ಟವರು ಯಾರಿದಾರೆ?"

ಬುದ್ಧಿ ಇದ್ದಿದ್ದರೆ ಕೈಮುಗಿಯಬೇಕಿತ್ತು. "ಗಂಡ ಹೆಂಡತಿ ಮಧ್ಯೆ ನಿಮಗ್ಯಾಕೆ ಅಂಕಲ್?" ಎಂದೆ. ಅವರು "ತಪ್ಪಾಯ್ತಮ್ಮ" ಎಂದು ಒದ್ದೆ ತಟ್ಟೆ ತೆಗೆದುಕೊಂಡು ಒರೆಸತೊಡಗಿದರು. ಆಮೇಲೆ ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಯಜಮಾನರು ಒಬ್ಬರೇ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದರು. ಇನ್ನೂ ಕೆಲವು ವರ್ಷಕ್ಕೆ ಅಂಕಲ್ ಆರೋಗ್ಯ ಕೆಟ್ಟು ಮೆಲ್ಬರ್ನಿಗೆ ಮಗಳ ಮನೆಗೆ ಹೊರಟಾಗ ಹೇಳಿಹೋಗಲು ಬಂದರು. ನಾನು ತಲೆನೋವು ಎಂದು ಹೇಳಿ ಕಳಿಸಿ ಒಳಗೇ ಮಲಗಿದ್ದೆ.

ಎರಡು ವರ್ಷದ ಮೇಲೆ ಅವರ ಮಗಳ ಫೋನ್ ಬಂತು. "ಆಂಟಿ, ಡ್ಯಾಡ್ ಹೋಗ್ಬಿಟ್ರು. ಬರೆದಿಟ್ಟಿದಾರೆ, ಫಸ್ಟ್ ನೀವು ಒಂದು ದೇವರನಾಮ ಹಾಡ್ಬೇಕಂತೆ. ಆಮೇಲೆ ಅವರ ಮ್ಯೂಸಿಕ್."

ಹತ್ತು ಗಂಟೆ ಕಾರಿನಲ್ಲಿ ಕೂತು ಮೆಲ್ಬರ್ನ್ ಸೇರಿದೆವು. ಚಿತಾಗಾರದ ಹಾಲ್‌ನಲ್ಲಿ, ಹೂವಿಟ್ಟ ಶವಪೆಟ್ಟಿಗೆಯ ಪಕ್ಕ ನಿಂತು ಹಾಡಲು ಶುರು ಮಾಡಿದೆ. ಎರಡನೆಯ ಚರಣಕ್ಕೆ ಬಂದೆ. ಸಾಹಿತ್ಯ ಪೂರ್ತಿ ಮರೆತುಹೋಯಿತು. ಜನ ಕಾಯುತ್ತಿದ್ದರು. ದಿಕ್ಕು ತೋಚದೆ ಗಂಡನ ಕಡೆ ನೋಡಿದೆ.

ಅವರು ಕುರ್ಚಿಯ ತುದಿಗೆ ಬಂದಿದ್ದರು, ಎರಡೂ ಕೈ ಮುಷ್ಟಿ. ಕಣ್ಣು ನನ್ನ ಮೇಲೆ. ತುಟಿ ಅಲುಗಾಡುತ್ತಿತ್ತು, ದನಿಯಿಲ್ಲದೆ, ಮುಂದಿನ ಸಾಲು ಅಕ್ಷರ ಅಕ್ಷರವಾಗಿ. ಸರಿಗಮವೂ ಬಾರದ ಮನುಷ್ಯನಿಗೆ ನನ್ನ ಹಾಡುಗಳು ಬಾಯಿಪಾಠವಾಗಿದ್ದವು. ಇಷ್ಟು ವರ್ಷ ಹಾಡುವಾಗ ನಾನು ಅವರ ಕಣ್ಣು ಒದ್ದೆಯಾಯಿತೇ ಎಂದಷ್ಟೇ ನೋಡಿದ್ದೆ, ಮುಖ ನೋಡಿರಲಿಲ್ಲ. ಆ ತುಟಿ ನೋಡಿಕೊಂಡು ಚರಣ ಮುಗಿಸಿದೆ.

ಆಮೇಲೆ ಅಂಕಲ್‌ರ ಪಿಟೀಲುಗಳು ಶುರುವಾದವು. ಹೋಗಿ ಪಕ್ಕದಲ್ಲಿ ಕೂತೆ. ಇವರ ಮುಷ್ಟಿ ಸಡಿಲವಾಯಿತು, ಕುರ್ಚಿಗೆ ಒರಗಿದರು, ಅತ್ತರು. ಅಳಲಿ ಎಂದು ಸೆರಗಿನ ತುದಿ ಕೊಟ್ಟೆ. ನನಗೂ ಅಳು ಬಂತು, ಸಂಗೀತಕ್ಕಲ್ಲ. ಅಂಕಲ್ ಹತ್ತಿರ ಒಂದೇ ಒಂದು ಸಲ ತಪ್ಪಾಯ್ತು ಎನ್ನಬೇಕಿತ್ತು. ಕೈಮುಗಿದು ಎದ್ದು ನಿಂತೆ. ಅಷ್ಟರಲ್ಲಿ ಪೆಟ್ಟಿಗೆ ದಹನಕ್ಕೆಂದು ಪರದೆಯ ಹಿಂದೆ ಸರಿಯತೊಡಗಿತ್ತು.