ಹಸಿರು ಸೊನ್ನೆಯ ಮೇಲೆ ಕೂತವರು

ಹೂವಿಗೂ ನನಗೂ ಅಷ್ಟಕ್ಕಷ್ಟೆ. ನೆರಳಿದ್ದರೆ ಸಾಕು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ನಡೆದು ಹೋಗುವ ಭಕ್ತರನ್ನು ನಮ್ಮ ರಸ್ತೆಯಲ್ಲಿ ವರ್ಷವಿಡೀ ನೋಡುತ್ತೇನೆ. ಹೂವು ಕಂಡು ನಿಂತವರು ಒಬ್ಬರೂ ಇಲ್ಲ. ನೆರಳು ಕಂಡರೆ ಮಾತ್ರ ದೇವರನ್ನೂ ಒಂದು ಗಳಿಗೆ ಕಾಯಿಸುತ್ತಾರೆ.

ನಾವು ಆರು ಜನ ಹೆಂಗಸರು ಕೂರುವ ನೆರಳು ಮುಚ್ಚಿದ ಮಿಲ್ಲಿನ ಗೋಡೆಯದು. ಮಿಲ್ಲು ನಿಂತಾಗ ಗಂಡಸರು ಮನೆಯಲ್ಲಿ ಕೂತರು, ನಾವು ಬೀಡಿಗೆ ಕೂತೆವು. ಮಧ್ಯಾಹ್ನ ತಗಡಿನ ಮನೆಯೊಳಗಿದ್ದರೆ ರೊಟ್ಟಿಯ ಜೊತೆ ನಾವೂ ಬೇಯುತ್ತೇವೆ. ಅದಕ್ಕೇ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತೇವೆ. ಎಲೆ ಕತ್ತರಿಸಿ ಉಳಿದ ಚೂರನ್ನು ಅಲ್ಲೇ ಚೆಲ್ಲುತ್ತೇವೆ. ಇದಕ್ಕೆ ಸರ್ಕಾರದವರು ಪಾಳು ಜಾಗ ಎನ್ನುತ್ತಾರೆ. ಹೆಂಗಸರು ಕೂತ ಜಾಗ ಕಾಗದದಲ್ಲಿ ಖಾಲಿಯೇ ಕಾಣುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಹೋದ ಮಳೆಗಾಲದಲ್ಲಿ ಸರ್ಕಾರದ ಕಡೆಯಿಂದ ಶರ್ವರಿ ಎಂಬ ಹುಡುಗಿ ಬಂದಳು. ಪಾಳು ಜಾಗವನ್ನು ತೋಟ ಮಾಡುವುದನ್ನೇ ಕಾಲೇಜಿನಲ್ಲಿ ಕಲಿತು ಬಂದವಳಂತೆ. ದೊಡ್ಡ ನಕ್ಷೆ ಬಿಚ್ಚಿದಳು. ನನಗೆ ಬರುವ ಅಕ್ಷರ ನಾಲ್ಕೇ, ಆದರೆ ಸೊನ್ನೆಯ ಗುರುತು ಚೆನ್ನಾಗಿದೆ. ನಕ್ಷೆಯ ತುಂಬ ಹಸಿರು ಸೊನ್ನೆಗಳು.

“ಆಜಿ, ಒಂದೊಂದು ಸೊನ್ನಿ ಅಂದ್ರ ಒಂದೊಂದು ಗಿಡ ರೀ.”

“ನಾವು ಕೂಡೂದು ಎಲ್ಲಿ, ತಂಗಿ?”

ಅವಳು ಗೋಡೆಯ ಪಕ್ಕದ ಐದು ಸೊನ್ನೆಗಳ ಮೇಲೆ ಬೆರಳಾಡಿಸಿದಳು. “ಇಲ್ಲಿ ಹುಣಸಿ ಬರ್ತಾವ್ರಿ. ಬ್ಯಾಸಿಗಿ ಮುಗಿಯೂದ್ರಾಗ ನೀವು ಬ್ಯಾರೆ ಕಡೆ ನೋಡ್ಕೋಬೇಕು.”

“ಹುಣಸಿ ನೆರಳು ಕೊಡೂತನ ನಾ ಇರ್ತೀನೇನು?” ಎಂದೆ.

ಪಕ್ಕದಲ್ಲಿ ಬೀಡಿ ಸುತ್ತುತ್ತಿದ್ದ ರುಕ್ಮಾಬಾಯಿ, “ನೀ ಹೋಗೂ ಮುಂದ ಈ ಗ್ವಾಡಿನೂ ಹೊತಗೊಂಡು ಹೋಗ್ತಿ, ಬಿಡು” ಎಂದಳು.

ಅವಳ ಕಡೆಯವರು ಸಸಿ ನೆಟ್ಟು ಹೋದರು. ಸುಳ್ಳೇಕೆ ಹೇಳಲಿ, ಆ ಐದೂ ಸಾಯಲಿ ಎಂದೇ ಸಂಜೆ ಏಳುವಾಗ ಮೊರದಲ್ಲಿದ್ದ ಎಲೆಯ ಚೂರು, ತಂಬಾಕಿನ ಧೂಳು ಎಲ್ಲ ಅವುಗಳ ಬುಡಕ್ಕೆ ಸುರಿದೆ. ಒಂದು ದಿನವಲ್ಲ, ಚಳಿಗಾಲವಿಡೀ. ಕೊಲ್ಲುವುದಕ್ಕೂ ಶಿಸ್ತು ಬೇಕು. ನನ್ನದು ಸಾಲದೆ ರುಕ್ಮಾಬಾಯಿಯ ಮೊರದ್ದನ್ನೂ ಸುರಿದೆ.

ಚೈತ್ರದ ಬಿಸಿಲಿಗೆ ಕರಿಮಣ್ಣು ಬಾಯಿ ಬಿಟ್ಟಿತು. ಬಯಲಿನ ಸಸಿಗಳೆಲ್ಲ ಕಡ್ಡಿಯಾದವು. ನಾನು ಕೊಲ್ಲಲು ಹೊರಟಿದ್ದ ಐದು ಮಾತ್ರ ಎಳೆ ಚಿಗುರು ಬಿಟ್ಟುಕೊಂಡು ನಾಚಿಕೆಯಿಲ್ಲದೆ ನಿಂತಿದ್ದವು. ಶರ್ವರಿ ಬಂದು ಚೂರನ್ನು ಕೈಯಿಂದ ಸರಿಸಿ ನೋಡಿದಳು. ಕೆಳಗೆ ಮಣ್ಣು ಇನ್ನೂ ತಣ್ಣಗಿತ್ತು. ತಂಬಾಕಿಗೆ ಹೆದರಿ ಗೆದ್ದಲೂ ಸುಳಿದಿರಲಿಲ್ಲ.

“ಆಜಿ! ಇದನ್ನ ಯಾರು ಕಲಿಸ್ಯಾರ್ರಿ ನಿಮಗ?”

“ಯಾರೂ ಕಲಿಸಿಲ್ಲವ್ವಾ. ಸಾಯಲಿ ಅಂತ ಹಾಕೀನಿ.”

“ಖರೇ ಐತ್ರಿ,” ಎಂದು ರುಕ್ಮಾಬಾಯಿ ಸಾಕ್ಷಿ ನುಡಿದಳು. “ನನ್ನ ಮೊರದಾಗಿಂದೂ ಕಸಗೊಂಡು ಹಾಕ್ಯಾಳ.”

ಹುಡುಗಿ ನಗುತ್ತ ಮಣ್ಣಿನಲ್ಲೇ ಕೂತುಬಿಟ್ಟಳು. ನಕ್ಕು ಮುಗಿದ ಮೇಲೆ, ತೋಟಕ್ಕೆಲ್ಲ ಈ ಚೂರೇ ಬೇಕು ಎಂದಳು.

“ಚೂರು ಬೇಕಂದ್ರ ನಾವು ಇಲ್ಲೇ ಕೂಡಬೇಕಲ್ಲ?” ಎಂದೆ.

ನಕ್ಷೆ ತೆಗೆದು ಗೋಡೆಯ ಪಕ್ಕ ಆರು ಚುಕ್ಕೆ ಇಟ್ಟಳು. ಆರೂ ನಾವೇ. ನನ್ನದು ಯಾವುದು ಎಂದು ಕೇಳಿ ಗುರುತು ಮಾಡಿಕೊಂಡೆ.

ಈಗ ಹತ್ತು ಹೊಸ ಸಸಿ ನನ್ನ ಸುಪರ್ದಿಗೆ ಕೊಟ್ಟಿದ್ದಾಳೆ. ಪ್ರೀತಿಯಿಂದ ನೋಡಿಕೊಳ್ಳಬೇಕಂತೆ. ಆ ಮಾತು ಮಾತ್ರ ನಾನು ಕೊಡಲಿಲ್ಲ. ಪ್ರೀತಿಯವರು ಒಂದು ದಿನ ಬಂದು ನೀರು ಹಾಕಿ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಸಿಟ್ಟಾದರೋ ದಿನಾ ಸಂಜೆ ಮೊರ ಹಿಡಿದು ತಪ್ಪದೆ ಬರುತ್ತದೆ.